ಶುಕ್ರವಾರದ ಹೆಸರುಗಳು

ಹಾರ್ಲೋ ವೆಲ್ಸ್, ಟೆಕ್ಸಸ್
ಸೆಪ್ಟೆಂಬರ್ 7, 1997, ಭಾನುವಾರ

ಪ್ರೀತಿಯ ಕೊರಿನ್,

ನಿನ್ನ ಅಕ್ಕ ಇದ್ದಿದ್ದರೆ ಈ ಪತ್ರ ಅರ್ಧ ಪುಟಕ್ಕೆ ಮುಗಿಯುತ್ತಿತ್ತು. ನಾನು ಬರೆದದ್ದರಲ್ಲಿ ಮೂರಕ್ಕೆ ಎರಡು ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ‘ಇಷ್ಟು ಸಾಕು, ಕಳಿಸಿ’ ಎನ್ನುತ್ತಿದ್ದಳು. ನೇಡಿನ್ ಹೋಗಿ ಹತ್ತೊಂಬತ್ತು ತಿಂಗಳಾಯಿತು. ಹೊಡೆದುಹಾಕುವವರು ಇಲ್ಲವಾದ್ದರಿಂದ ನೀನು ಪೂರ್ತಿ ಓದಬೇಕು. ನಿಮ್ಮ ಡುಲೂತ್‌ನಲ್ಲಿ ಆಗಲೇ ಚಳಿ ಬಿದ್ದಿರಬೇಕು, ಒಲೆಯ ಹತ್ತಿರ ಕೂತು ಓದು.

ಶುಕ್ರವಾರ ನಮ್ಮ ಶಾಲೆಯ ಹುಡುಗರ ಈ ವರ್ಷದ ಮೊದಲ ಫುಟ್‌ಬಾಲ್ ಪಂದ್ಯ. ನಾವು ಇಪ್ಪತ್ತೊಂದು, ಅವರು ಆರು. ನಲವತ್ತೆರಡು ಮೆಟ್ಟಿಲು ಹತ್ತಿ ಗ್ಯಾಲರಿಯ ಮೇಲಿರುವ ಘೋಷಕರ ಗೂಡು ಸೇರುವ ಹೊತ್ತಿಗೆ ನನ್ನ ಎಡ ಮಂಡಿ ರಾಜೀನಾಮೆ ಕೊಟ್ಟಿತ್ತು. ಆದರೂ ಮೈಕು ಕೈಗೆ ಬಂದರೆ ಎಲ್ಲ ಸರಿ. ಮೂವತ್ತೊಂದು ವರ್ಷದಿಂದ ಅದೇ ಕ್ರಮ: ಮೊದಲು ಪ್ರಾರ್ಥನೆ, ಆಮೇಲೆ ರಾಷ್ಟ್ರಗೀತೆ, ಆಮೇಲೆ ಚೆಂಡು. ಔಷಧಿ ಅಂಗಡಿಯ ಕೌಂಟರಿನ ಮೇಲೆ ಬಿಸ್ಕತ್ತಿನ ಡಬ್ಬಿ ಇಟ್ಟಿರುತ್ತಾರಲ್ಲ, ಯಾರಿಗೆ ಪ್ರಾರ್ಥನೆ ಬೇಕೋ ಅವರ ಹೆಸರನ್ನು ಚೀಟಿಯಲ್ಲಿ ಬರೆದು ಹಾಕುವುದಕ್ಕೆ, ಅದರಲ್ಲಿ ಈ ವಾರ ಒಂಬತ್ತು ಹೆಸರಿದ್ದವು. ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಪಕ್ಕದ ಮನೆಯ ಲಿಡಿಯಾ ಮೆಂಡನ್‌ಹಾಲ್ ಎಂದಿನಂತೆ ಗುರುವಾರ ಸಂಜೆ ಚೀಟಿಗಳನ್ನು ತಂದುಕೊಟ್ಟಳು, ಜೊತೆಗೆ ಒಂದು ಬಟ್ಟಲು ಹುರುಳಿ ಸೂಪು. ಒಂಬತ್ತನ್ನೂ ಓದಿದೆ. ಹೆಸರು ಹಿಡಿದು ಕೇಳದ ಪ್ರಾರ್ಥನೆ ವಿಳಾಸ ಬರೆಯದ ಲಕೋಟೆ ಇದ್ದಹಾಗೆ ಅಂತ ನನ್ನ ನಂಬಿಕೆ. ನೇಡಿನ್‌ಗೆ ಅಷ್ಟು ನಂಬಿಕೆ ಇರಲಿಲ್ಲ. ‘ಎರಡು ನಿಮಿಷ ದಾಟಿದರೆ ದೇವರೂ ಕಡಲೇಕಾಯಿ ತರೋಕೆ ಎದ್ದು ಹೋಗ್ತಾನೆ’ ಅನ್ನುತ್ತಿದ್ದಳು.

ಆದರೆ ಊರು ಮೊದಲಿನ ಹಾಗಿಲ್ಲ. ಬೇಸಿಗೆಯಲ್ಲಿ ಇಲ್ಲಿನ ಒಂದು ಕುಟುಂಬ ಶಾಲೆಯ ಮೇಲೆ ಕೇಸು ಹಾಕಿದೆ, ಸರ್ಕಾರಿ ಶಾಲೆಯಲ್ಲಿ ಪಂದ್ಯಕ್ಕೆ ಮೊದಲು ಮೈಕಿನಲ್ಲಿ ಪ್ರಾರ್ಥನೆ ಕೂಡದು ಅಂತ. ಯಾವ ಕುಟುಂಬ ಅಂತ ಗೊತ್ತಿಲ್ಲ. ಅವರಿಗೆ ತೊಂದರೆಯಾಗದಿರಲಿ ಎಂದು ನ್ಯಾಯಾಧೀಶರು ಹೆಸರನ್ನು ಮುಚ್ಚಿಟ್ಟಿದ್ದಾರೆ. ಮುಂದಿನ ತಿಂಗಳು ಲಬಕ್‌ನಲ್ಲಿ ವಿಚಾರಣೆಯಂತೆ. ಪತ್ರಿಕೆಯಲ್ಲಿ ತಾರೀಖೂ ಇತ್ತು, ಆದರೆ ನನಗೆ ಶುಕ್ರವಾರ ಬಿಟ್ಟು ಬೇರೆ ದಿನ ತಲೆಯಲ್ಲಿ ನಿಲ್ಲುವುದಿಲ್ಲ.

ಗೂಡಿನಲ್ಲಿ ನನ್ನ ಪಕ್ಕ ಕೂತು ಗಡಿಯಾರ ನಡೆಸುವ ವೆಂಡೆಲ್ ಸ್ಟ್ರಾಬ್ ನಿನಗೆ ಗೊತ್ತಲ್ಲ, ಶಾಲಾ ಮಂಡಳಿಯವನು, ನಮ್ಮ ಚರ್ಚಿನ ಹಿರಿಯ. ಆಮೆನ್ ಹೇಳಿ ಕಣ್ಣು ಬಿಟ್ಟರೆ ಅವನು ದುರ್ಬೀನು ಹಿಡಿದು ಗ್ಯಾಲರಿ ನೋಡುತ್ತಿದ್ದ.

‘ಏನೋ ನೋಡ್ತಿದೀಯ? ಆಟ ಇನ್ನೂ ಶುರುವಾಗಿಲ್ಲ.’

‘ಪ್ರಾರ್ಥನೇಲಿ ಯಾರ್ ಕಣ್ ಮುಚ್ಚಲಿಲ್ಲ ಅಂತ ನೋಡ್ತಿದ್ದೆ.’

‘ಅದಕ್ಕೆ ನೀನು ಬಿಟ್ಕೊಂಡಿರ್ಬೇಕಲ್ಲೋ. ಮೊದಲ್ನೇ ಹೆಸರು ನಿಂದೇ ಬರ್ಕೊ.’

ನಕ್ಕ. ಆದರೆ ದುರ್ಬೀನು ಕೆಳಗಿಡಲಿಲ್ಲ. ಅವನ ತೊಡೆಯ ಮೇಲೆ ಶಾಲೆಯ ಮಕ್ಕಳ, ಮೇಷ್ಟ್ರುಗಳ ಹಾಜರಿ ಪಟ್ಟಿಯ ಪ್ರತಿ ಇತ್ತು. ಕೆಲವು ಹೆಸರುಗಳ ಮೇಲೆ ಗೆರೆ ಎಳೆದಿತ್ತು, ಹೆಚ್ಚಿನವಕ್ಕೆ ಇನ್ನೂ ಎಳೆದಿರಲಿಲ್ಲ.

ನಿನ್ನ ಭಾವ,
ಆರ್ವಿಲ್

•

ಡುಲೂತ್, ಮಿನೆಸೋಟ
ಸೆಪ್ಟೆಂಬರ್ 14

ಪ್ರೀತಿಯ ಭಾವ,

ಪೂರ್ತಿ ಓದಿದೆ. ನನಗೆ ನೀವು ಹೊಡೆದುಹಾಕದ ಸಾಲುಗಳೇ ಇಷ್ಟ.

ಆ ಪಟ್ಟಿಯ ವಿಷಯ ಮಾತ್ರ ಮನಸ್ಸಿಗೆ ಹಿತವಾಗಲಿಲ್ಲ. ಒಂದು ಪ್ರಶ್ನೆ ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಕೇಸು ಹಾಕಿದವರು ನಿಮಗೆ ಗೊತ್ತಿರುವವರೇ ಆಗಿದ್ದರೆ? ನಿಮಗೆ ಬೇಕಾದವರಾಗಿದ್ದರೆ? ಆಗಲೂ ನೀವು ವೆಂಡೆಲ್ ಜೊತೆ ನಗುತ್ತಿದ್ದಿರಾ? ಸುಮ್ಮನೆ ಕೇಳಿದೆ.

ಲಿಡಿಯಾ ಹೇಗಿದ್ದಾಳೆ? ಅಕ್ಕನ ಕೊನೆಯ ತಿಂಗಳು ನಾನು ಅಲ್ಲಿದ್ದಾಗ ಅವಳು ದಿನಾ ಸಂಜೆ ಬಂದು ಮಂಚದ ಪಕ್ಕ ಒಂದು ಗಂಟೆ ಬಾಯಿ ಬಿಡದೆ ಕೂರುತ್ತಿದ್ದಳು, ನೆನಪಿದೆಯೆ? ಮೊದಲ ದಿನ ನನಗೆ ಕಸಿವಿಸಿಯಾಗಿತ್ತು. ಆಮೇಲೆ ಕೇಳಿದಾಗ, ತಮ್ಮ ಕ್ವೇಕರ್ ಪಂಥದಲ್ಲಿ ಪ್ರಾರ್ಥನೆ ಎಂದರೆ ಅದೇ, ಮಾತು ಬೇಕಾಗುವುದಿಲ್ಲ ಎಂದಳು. ಅಕ್ಕ ಆ ಒಂದು ಗಂಟೆಯಲ್ಲೇ ನಿದ್ದೆ ಮಾಡುತ್ತಿದ್ದದ್ದು.

ಅವಳಿಗೂ ನಾನು ಬರೆಯುತ್ತಿರುತ್ತೇನೆ. ಅವಳ ಮಗಳು ಫೀಬಿಯ ಮೇಲೆ ಒಂದು ಕಣ್ಣಿಟ್ಟಿರಿ.

ಕೊರಿನ್

•

ಹಾರ್ಲೋ ವೆಲ್ಸ್
ಸೆಪ್ಟೆಂಬರ್ 21

ಪ್ರೀತಿಯ ಕೊರಿನ್,

ಕೋಪ ಯಾಕೆ ಬರುತ್ತದೆ? ಕೇಸು ಹಾಕಿದವರು ನನಗೆ ಬೇಕಾದವರಾಗಿದ್ದರೆ ಸೀದಾ ನನ್ನ ಅಂಗಳಕ್ಕೆ ಬಂದು ‘ನಿಮ್ಮ ಪ್ರಾರ್ಥನೆ ಉದ್ದ ಆಯ್ತು ಆರ್ವಿಲ್’ ಅನ್ನುತ್ತಿದ್ದರು. ವಕೀಲರನ್ನು ಹಿಡಿಯುತ್ತಿರಲಿಲ್ಲ. ಆದ್ದರಿಂದ ಅವರು ನನಗೆ ಗೊತ್ತಿಲ್ಲದವರೇ. ಹತ್ತಿ ಗಿರಣಿಗೆ ಹೊಸದಾಗಿ ಬಂದವರಲ್ಲಿ ಯಾರೋ ಇರಬೇಕು.

ವೆಂಡೆಲ್‌ಗೆ ಮಾತ್ರ ಬೇರೆ ಅನುಮಾನ. ಜೀವಶಾಸ್ತ್ರದ ಮೇಷ್ಟ್ರು ಗಾರ್ಸಾ ನಮ್ಮ ಚರ್ಚಿನವರಲ್ಲ, ಕ್ಯಾಥೊಲಿಕ್ ಅಂತ ಅವರ ಹೆಸರಿನ ಸುತ್ತ ಸೊನ್ನೆ ಎಳೆದಿದ್ದ. ಹೋದ ವಾರ ಯಾರೋ ಮೇಷ್ಟ್ರ ಟ್ರಕ್ಕಿನ ನಾಲ್ಕೂ ಟೈರು ಕುಯ್ದರು. ಬುಧವಾರ ನಾನು ಕ್ಷೌರದಂಗಡಿಯಲ್ಲಿ ಕೂತಿದ್ದಾಗ ಮೇಷ್ಟ್ರು ತಾವಾಗಿಯೇ ಒಳಗೆ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತರು.

‘ನಾನಲ್ಲ,’ ಅಂದರು. ‘ನಮ್ಮಮ್ಮನ ಆಣೆ, ನಾನಲ್ಲ.’

ಕತ್ತರಿ ಸದ್ದು ನಿಂತಿತ್ತು. ವೆಂಡೆಲ್ ಮುಖದ ತುಂಬ ಸೋಪು ಹಚ್ಚಿಕೊಂಡೇ, ‘ಮೇಷ್ಟ್ರೇ, ನಿಮ್ಮನ್ ಯಾರ್ ಕೇಳಿದ್ರು?’ ಅಂದ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಅವರು ಹೋದ ಮೇಲೆ ವೆಂಡೆಲ್ ಜೇಬಿನಿಂದ ಪಟ್ಟಿ ತೆಗೆದು ಅವರ ಹೆಸರಿನ ಮೇಲೆ ಗೆರೆ ಎಳೆದು ಹೊಡೆದುಹಾಕಿದ. ನನಗೂ ನಗು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಮನೆಗೆ ಬಂದ ಮೇಲೆ ಯಾಕೋ ಊಟ ಸೇರಲಿಲ್ಲ. ಟೀಚರ್ಸ್ ಕಾಲೇಜಿನ ಎರಡು ವರ್ಷದ ಇಂಗ್ಲಿಷಿನಲ್ಲಿ ಇಂಥ ನಗುವಿಗೆ ಒಂದು ಪದ ಕಲಿತಿದ್ದೆ. ಅರ್ಧ ನೆನಪಿದೆ, ಆ ಅರ್ಧ ಬರೆದರೆ ನೀನು ನಗುತ್ತೀ.

ನೀನು ಲಿಡಿಯಾಳ ವಿಷಯ ಕೇಳಿದ್ದೆ. ನಿಜ ಹೇಳಲೆ? ಸರಿಯಿಲ್ಲ. ತೆಳ್ಳಗಾಗಿದ್ದಾಳೆ. ಈ ಗುರುವಾರ ಚೀಟಿಗಳನ್ನು ಬಾಗಿಲ ಹತ್ತಿರವೇ ಕೊಟ್ಟು ಹೋದಳು, ಒಳಗೆ ಬರಲಿಲ್ಲ. ಹಗಲಲ್ಲೂ ಪರದೆ ಎಳೆದಿರುತ್ತದೆ. ಬೇಲಿಯ ಹತ್ತಿರ ಸಿಕ್ಕಾಗ ‘ಹುಷಾರಾಗಿದೀಯೇನಮ್ಮ?’ ಅಂದೆ. ‘ಹುಷಾರಾಗೇ ಇದೀನಿ, ಆರ್ವಿಲ್ ಟೀಗ್’ ಅಂದಳು. ಪೂರ್ತಿ ಹೆಸರಿನಲ್ಲಿ ಕರೆಯುವುದು ಅವರ ಪಂಥದ ಕ್ರಮ, ಅದಕ್ಕೆ ನನ್ನ ಬೇಸರವಿಲ್ಲ. ಆದರೆ ನೇಡಿನ್ ಕೂಡ ಮೊದಮೊದಲು ಹುಷಾರಾಗೇ ಇದೀನಿ ಅಂತಲೇ ಹೇಳುತ್ತಿದ್ದದ್ದು.

ಫೀಬಿ ಬ್ಯಾಂಡಿನಲ್ಲಿ ಕ್ಲ್ಯಾರಿನೆಟ್ ಚೆನ್ನಾಗಿ ಊದುತ್ತಾಳೆ. ಹದಿನೈದು ತುಂಬಿತು.

ನಿನ್ನ ಭಾವ,
ಆರ್ವಿಲ್

•

ಡುಲೂತ್
ಸೆಪ್ಟೆಂಬರ್ 28

ಪ್ರೀತಿಯ ಭಾವ,

ಇದನ್ನು ಮೂರು ಸಲ ಬರೆದು ಹರಿದೆ.

ನಿಮ್ಮಿಂದ ಒಂದು ಉಪಕಾರ ಬೇಕು. ಅಕ್ಟೋಬರ್ 14, ಮಂಗಳವಾರ, ಲಿಡಿಯಾ ಲಬಕ್‌ಗೆ ಹೋಗಬೇಕಾಗಿದೆ. ಬೆಳಕು ಹರಿಯುವ ಮೊದಲೇ ಹೊರಡುತ್ತಾಳೆ, ಬರುವುದು ಯಾವಾಗಲೋ. ಆ ದಿನ ಶಾಲೆ ಬಿಟ್ಟ ಮೇಲೆ ಫೀಬಿಯನ್ನು ನೀವು ಕರೆದುಕೊಂಡು ಬಂದು ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ. ಯಾಕೆ ಎಂದು ಕೇಳಬೇಡಿ. ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಇಷ್ಟು ಹೇಳಿದ್ದೇ ಮಾತು ಮೀರಿದ ಹಾಗೆ. ಆದರೆ ಆ ಊರಿನಲ್ಲಿ ಅವಳಿಗೆ ನೀವಲ್ಲದೆ ಯಾರೂ ಇಲ್ಲ, ಅದು ಅವಳಿಗೇ ಗೊತ್ತಿಲ್ಲ.

ಯಾರಿಗೂ ಹೇಳಬೇಡಿ. ಚರ್ಚಿನಲ್ಲಿ ಬೇಡ, ಕ್ಷೌರದಂಗಡಿಯಲ್ಲಿ ಬೇಡ, ವೆಂಡೆಲ್‌ಗಂತೂ ಬೇಡವೇ ಬೇಡ.

ಕೊರಿನ್

•

ಹಾರ್ಲೋ ವೆಲ್ಸ್
ಅಕ್ಟೋಬರ್ 5

ಪ್ರೀತಿಯ ಕೊರಿನ್,

ನಿನ್ನ ಪತ್ರ ಶುಕ್ರವಾರ ಬಂತು. ಆವತ್ತು ಪಂದ್ಯ ಹೊರ ಊರಿನಲ್ಲಿ, ನಾನು ಮನೆಯಲ್ಲೇ ಇದ್ದೆ. ಎರಡು ಸಲ ಓದಿದೆ. ಯಾಕೆ ಎಂದು ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ, ಅರ್ಥವಾಯಿತು. ಲಬಕ್‌ಗೆ ಬೆಳಕು ಹರಿಯುವ ಮೊದಲು ಹೊರಡುವುದು, ಬರುವುದು ಯಾವಾಗಲೋ ಆಗುವುದು, ಇದೆಲ್ಲ ನನಗೆ ಹೇಳಿಕೊಡಬೇಕೆ? ನಾನೂ ನಿನ್ನ ಅಕ್ಕನೂ ಇಪ್ಪತ್ತಾರು ಸಲ ಹೋಗಿ ಬಂದ ದಾರಿ ಅದು. ಮೊದಲ ಸಲ ನಾವೂ ಯಾರಿಗೂ ಹೇಳಿರಲಿಲ್ಲ. ಅಲ್ಲಿನ ಆಸ್ಪತ್ರೆಯ ಮೂರನೇ ಮಹಡಿ, ಹಸಿರು ಕುರ್ಚಿಗಳು, ಯಾವತ್ತೂ ಸರಿಯಾಗಿ ನಡೆಯದ ಒಂದು ಮೀನಿನ ತೊಟ್ಟಿ.

ಪಾಪದ ಹೆಂಗಸು. ಆ ತೆಳುವನ್ನು ನೋಡಿದಾಗಲೇ ನನಗೆ ಅನ್ನಿಸಿತ್ತು.

ಫೀಬಿಯನ್ನು ಕರೆತರುತ್ತೇನೆ, ನಮ್ಮ ಖಾರದ ಮಾಂಸದ ಸಾರು ಚಿಲಿ ಮಾಡಿ ಹಾಕುತ್ತೇನೆ. ಯಾವ ಮನುಷ್ಯನಿಗೂ ಬಾಯಿಬಿಡುವುದಿಲ್ಲ. ಈ ಸಲ ನಾನು ಮಾಡಬಹುದಾದದ್ದು ಒಂದಿದೆ, ಅದನ್ನು ಮಾಡುತ್ತೇನೆ. ನೀನು ನಿಶ್ಚಿಂತೆಯಿಂದಿರು.

ಆರ್ವಿಲ್

•

ಡುಲೂತ್
ಅಕ್ಟೋಬರ್ 9, ಗುರುವಾರ

ಭಾವ,

ನಿಮ್ಮ ಪತ್ರ ಈಗ ಬಂತು. ನಾಲ್ಕು ಸಲ ಫೋನ್ ಮಾಡಿದೆ, ಗಂಟೆ ಹೊಡೆಯುತ್ತಲೇ ಇತ್ತು. ನೀವು ಫೋನ್ ಎತ್ತುವವರಲ್ಲ ಅಂತ ಗೊತ್ತಿದ್ದೂ ಮಾಡಿದೆ. ಲಿಡಿಯಾ ಎರಡು ವಾರದಿಂದ ಫೋನನ್ನೇ ಎತ್ತುತ್ತಿಲ್ಲ. ಎತ್ತಿದರೆ ಯಾರೋ ಸುಮ್ಮನೆ ಉಸಿರಾಡುತ್ತಾರಂತೆ, ಪಟ್ಟಿಯಲ್ಲಿ ಗೆರೆ ಬೀಳದವರಿಗೆಲ್ಲ ಹಾಗೆ ಮಾಡುತ್ತಿರಬೇಕು. ತುರ್ತು ಅಂಚೆಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಿಮಗೆ ಏನು ಅರ್ಥವಾಯಿತು? ಅವಳಿಗೆ ಯಾವ ಕಾಯಿಲೆಯೂ ಇಲ್ಲ. ಲಬಕ್‌ನಲ್ಲಿ ಇರುವುದು ಆಸ್ಪತ್ರೆ ಒಂದೇ ಅಲ್ಲ, ಫೆಡರಲ್ ಕೋರ್ಟೂ ಇದೆ. ಹದಿನಾಲ್ಕರಂದು ಅಲ್ಲಿ ಏನಿದೆ ಎಂದು ನಿಮ್ಮ ಊರಿನ ಪತ್ರಿಕೆ ತೆಗೆದು ನೋಡಿ. ನೋಡಿ ಆ ಪತ್ರಿಕೆಯನ್ನೂ ಈ ಪತ್ರವನ್ನೂ ಸುಟ್ಟುಹಾಕಿ.

‘ನಾನು ಮಾಡಬಹುದಾದದ್ದು ಒಂದಿದೆ’ ಎಂದು ಬರೆದಿದ್ದೀರಿ. ಅದೇನೇ ಇರಲಿ, ಮಾಡಬೇಡಿ.

ಕೊರಿನ್

•

ಹಾರ್ಲೋ ವೆಲ್ಸ್
ಅಕ್ಟೋಬರ್ 11, ಶನಿವಾರ, ಬೆಳಿಗ್ಗೆ

ಪ್ರೀತಿಯ ಕೊರಿನ್,

ನಿನ್ನೆಯದನ್ನು ನಿನಗೆ ಬರೆಯದೆ ಬೇರೆ ಯಾರಿಗೆ ಬರೆಯಲಿ?

ಈ ವಾರ ಡಬ್ಬಿಯಲ್ಲಿ ಆರೇ ಚೀಟಿ. ಲಿಡಿಯಾಳ ಹೆಸರು ಇರಲಿಲ್ಲ, ಇರುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ. ಅವಳು ತನಗೆ ಅಂತ ಏನನ್ನೂ ಕೇಳುವವಳಲ್ಲ. ಏಳನೆಯ ಚೀಟಿಯನ್ನು ನಾನೇ ಬರೆದೆ. ಮನುಷ್ಯರಿಗೆ ಹೇಳಬೇಡಿ ಎಂದು ನೀನು ಬರೆದಿದ್ದೆ, ನಾನು ಹೇಳಲಿಲ್ಲ. ಮೈಕಿನಲ್ಲಿ ಹೇಳಿದ್ದು ದೇವರಿಗೆ. ಕಾಯಿಲೆ ಇಂಥದ್ದು ಎಂದೂ ಹೇಳಲಿಲ್ಲ, ಅಷ್ಟು ಸೂಕ್ಷ್ಮ ನನಗೂ ಇದೆ. ಮಾತುಗಳನ್ನು ಮೊದಲೇ ಬರೆದುಕೊಂಡಿದ್ದೆ, ನಿನಗೂ ಇರಲಿ ಎಂದು ಇಳಿಸುತ್ತೇನೆ:

‘ತಂದೆಯೇ, ನಮ್ಮ ಸೋದರಿ ಲಿಡಿಯಾ ಮೆಂಡನ್‌ಹಾಲ್ ಬರುವ ಮಂಗಳವಾರ, ಹದಿನಾಲ್ಕನೇ ತಾರೀಖು, ಲಬಕ್‌ಗೆ ಹೋಗಬೇಕಾಗಿದೆ. ತನ್ನ ಭಾರವನ್ನು ಆಕೆ ಈ ಊರಲ್ಲಿ ಯಾರಿಗೂ ಹೇಳಿಕೊಂಡಿಲ್ಲ. ಆಕೆ ಎದುರಿಸಬೇಕಾದದ್ದನ್ನು ಎದುರಿಸುವಾಗ ಆಕೆಯ ಜೊತೆಗಿರು. ಆಕೆಯ ಮಗಳು ಫೀಬಿಯ ಜೊತೆಗಿರು. ಅವರು ಒಂಟಿಯಲ್ಲವೆಂದು ನಾವೆಲ್ಲ ಅವರಿಗೆ ತೋರಿಸುವಂತೆ ಮಾಡು.’

ಮೂವತ್ತೊಂದು ವರ್ಷದಲ್ಲಿ ಅಂಥ ಮೌನವನ್ನು ನಾನು ಕೇಳಿಲ್ಲ. ಮೂರು ಸಾವಿರ ಜನ. ಮಗು ಅಳಲಿಲ್ಲ, ಪಾಪ್‌ಕಾರ್ನ್ ಮಾರುವವನ ಕೂಗಿಲ್ಲ. ಆಮೆನ್ ಕೂಡ ಒಂದು ಕ್ಷಣ ತಡವಾಗಿ ಬಂತು. ನಿನ್ನ ಅಕ್ಕನ ಹೆಸರು ಓದಿದ ಶುಕ್ರವಾರವೂ ಜನ ಇಷ್ಟು ಕರಗಿರಲಿಲ್ಲ. ನಾನು ರಾಷ್ಟ್ರಗೀತೆ ಎಂದು ಹೇಳುವುದಕ್ಕೆ ಎರಡು ಸಲ ಕೆಮ್ಮಬೇಕಾಯಿತು.

ವೆಂಡೆಲ್ ದುರ್ಬೀನನ್ನು ಮೇಜಿನ ಮೇಲಿಟ್ಟ. ಅವನು ಅದನ್ನು ಕೆಳಗಿಟ್ಟದ್ದನ್ನು ಈ ವರ್ಷ ನಾನು ನೋಡಿದ್ದು ಅದೇ ಮೊದಲು. ನನ್ನ ಹೆಗಲ ಮೇಲೆ ಕೈಯಿಟ್ಟ.

‘ಹದ್ನಾಲ್ಕು ಅಂದ್ಯಲ್ಲ, ಆರ್ವಿಲ್?’

‘ಹೂಂ. ಮಂಗಳವಾರ.’

‘ನಿಂಗೆ ಹೇಗ್ ಗೊತ್ತಾಯ್ತು?’

‘ಮನೆಯವರ ಕಡೆಯಿಂದ,’ ಅಂದೆ. ನಿನ್ನ ಹೆಸರು ಹೇಳಲಿಲ್ಲ, ನೋಡು.

‘ನೀನು ದೊಡ್ಡ ಮನುಷ್ಯ ಕಣೋ,’ ಅಂದ. ಜೇಬಿನಿಂದ ಪಟ್ಟಿ ತೆಗೆದು ನಾಲ್ಕಾಗಿ ಹರಿದು ಕಸದ ಡಬ್ಬಿಗೆ ಹಾಕಿದ. ಅವನ ಮನಸ್ಸೂ ಮೆತ್ತಗಾಯಿತಲ್ಲ ಅಂತ ನನಗೆ ಸಂತೋಷವಾಯಿತು.

ನಮ್ಮವರು ಸೋತರು. ಯಾರಿಗೂ ಅದರ ಚಿಂತೆಯಿದ್ದ ಹಾಗೆ ಕಾಣಲಿಲ್ಲ.

ಮಧ್ಯಾಹ್ನ, ಹನ್ನೆರಡೂವರೆ.
ನಿನ್ನ ತುರ್ತು ಅಂಚೆ ಬಂತು.

•

ಡುಲೂತ್
ಅಕ್ಟೋಬರ್ 15

ಭಾವ,

ಸಿಂಕಿನ ಮುಂದೆ ನಿಂತು ಓದಿದೆ. ಇನ್ನೂ ಅಲ್ಲೇ ನಿಂತಿದ್ದೇನೆ ಅನ್ನಿಸುತ್ತಿದೆ.

ನಿಮ್ಮನ್ನು ಬೈಯುವುದಕ್ಕೆ ನನಗೆ ಹಕ್ಕಿಲ್ಲ. ಅರ್ಧ ಹೇಳಿ ಅರ್ಧ ಬಚ್ಚಿಟ್ಟವಳು ನಾನು. ಪೂರ್ತಿ ಹೇಳಿದ್ದರೆ ನೀವು ಅವಳ ಕಡೆ ನಿಲ್ಲುತ್ತೀರೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಅದನ್ನು ಒಪ್ಪಿಕೊಳ್ಳುತ್ತೇನೆ.

ಲಿಡಿಯಾಳಿಂದ ಒಂದು ಸಾಲೂ ಬಂದಿಲ್ಲ. ಏನಾಗುತ್ತಿದೆ ಎಂದು ಬರೆಯಿರಿ. ಏನನ್ನೂ ಹೊಡೆದುಹಾಕಬೇಡಿ.

ಕೊರಿನ್

•

ಹಾರ್ಲೋ ವೆಲ್ಸ್
ಅಕ್ಟೋಬರ್ 19, ಭಾನುವಾರ

ಪ್ರೀತಿಯ ಕೊರಿನ್,

ಆ ಶನಿವಾರವೇ ಬೇಲಿ ದಾಟಿ ಹೋದೆ. ಬಾಗಿಲು ತಟ್ಟಿದೆ. ಪರದೆ ಅಲುಗಿತು. ಲಿಡಿಯಾ ಬಾಗಿಲನ್ನು ಸರಪಳಿಯಷ್ಟೇ ತೆರೆದಳು.

‘ನಂಗೆ ಗೊತ್ತಿರ್ಲಿಲ್ಲಮ್ಮ,’ ಅಂದೆ.

‘ಗೊತ್ತು, ಆರ್ವಿಲ್ ಟೀಗ್. ನೀವು ಒಳ್ಳೇದಕ್ಕೇ ಮಾಡಿದ್ರಿ.’ ಬೀದಿಯ ಕಡೆ ಕಣ್ಣು ಹಾಯಿಸಿ, ‘ಎಲ್ಲರೂ ಒಳ್ಳೇದಕ್ಕೇ ಮಾಡ್ತಾರೆ. ಅದೇ ನಂಗೆ ಭಯ,’ ಅಂದಳು.

ಆಮೇಲೆ ಸರಪಳಿ ತೆಗೆದಳು. ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ಹೋದ ವರ್ಷ ಪಂದ್ಯಕ್ಕೆ ಮೊದಲು ಬ್ಯಾಂಡಿನವರೆಲ್ಲ ಕೈ ಹಿಡಿದು ನನ್ನ ಜೊತೆ ಪ್ರಾರ್ಥನೆ ಹೇಳುವಾಗ ಫೀಬಿ ತುಟಿ ಅಲ್ಲಾಡಿಸಲಿಲ್ಲವಂತೆ. ಬ್ಯಾಂಡಿನ ಮೇಷ್ಟ್ರು ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ, ಜೋರಾಗಿ ಹೇಳುವವರೆಗೂ ಕೂರಿಸಲಿಲ್ಲ. ಹುಡುಗಿ ಹೇಳಿದಳಂತೆ, ನನ್ನ ಮಾತುಗಳನ್ನೇ, ನನ್ನ ಧಾಟಿಯಲ್ಲೇ. ಮನೆಗೆ ಬಂದು ಬಾಯಿ ತೊಳೆದುಕೊಂಡಳಂತೆ. ಲಿಡಿಯಾ ಇದನ್ನು ಬೈಗುಳದ ಹಾಗೆ ಹೇಳಲಿಲ್ಲ. ನಾನು ಕೇಳಿದ್ದಕ್ಕೆ ಹೇಳಿದಳು, ಅಷ್ಟೆ. ನಲವತ್ತೆರಡು ಮೆಟ್ಟಿಲಿನ ಮೇಲಿಂದ ಎಲ್ಲ ತಲೆಗಳೂ ಒಂದೇ ಥರ ಬಾಗಿರುವುದು ಕಾಣಿಸುತ್ತದೆ, ಕೊರಿನ್. ಅದರಾಚೆ ಏನೂ ಕಾಣಿಸುವುದಿಲ್ಲ.

ಮಂಗಳವಾರ ಅವಳು ಲಬಕ್‌ಗೆ ಹೋಗಿಬಂದಳು. ತೀರ್ಪು ಯಾವಾಗಲೋ ಗೊತ್ತಿಲ್ಲ. ಫೀಬಿ ನನ್ನಲ್ಲಿದ್ದಳು. ಚಿಲಿಯನ್ನು ಮುಟ್ಟಲಿಲ್ಲ. ಬ್ಯಾಂಡಿನಲ್ಲಿ ಅವಳ ಎರಡೂ ಪಕ್ಕದವರು ಕುರ್ಚಿಗಳನ್ನು ದೂರ ಎಳೆದುಕೊಂಡಿದ್ದಾರೆ ಎಂದಳು. ಮರುದಿನ ಔಷಧಿ ಅಂಗಡಿಯವರು ಲಿಡಿಯಾಳಿಗೆ ‘ಗಲಾಟೆ ತಣ್ಣಗಾಗೋವರೆಗೂ ಮನೇಲೇ ಇರಮ್ಮ’ ಅಂದರು.

ಇನ್ನು ನೀನು ಕೇಳಿದ ವಿಷಯ. ಯಾರೂ ಕಲ್ಲು ಹೊಡೆದಿಲ್ಲ. ಕಿಟಕಿ ಒಡೆದಿಲ್ಲ. ಸೋಮವಾರದಿಂದ ಸಂಜೆ ಆರಕ್ಕೆ ಸರಿಯಾಗಿ ಜನ ಬರುತ್ತಾರೆ. ಮೊದಲ ದಿನ ಇಪ್ಪತ್ತು, ಈಗ ಇನ್ನೂರರ ಹತ್ತಿರ. ಅವಳ ಮನೆಯ ಸುತ್ತ, ಹಿತ್ತಲಿನ ಕಡೆಯೂ, ಕೈಗೆ ಕೈ ಹಿಡಿದು ಬಳೆಯಂತೆ ನಿಲ್ಲುತ್ತಾರೆ. ಅವಳ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಮೆಟ್ಟಿಲ ಮೇಲೆ ಗಾಜಿನ ತಟ್ಟೆಗಳಲ್ಲಿ ಊಟ ಇಟ್ಟು ಹೋಗುತ್ತಾರೆ, ಒಂದೊಂದರ ತಳಕ್ಕೂ ತಂದವರ ಹೆಸರು ಅಂಟಿಸಿದೆ. ಲಿಡಿಯಾ ಒಂದನ್ನೂ ಒಳಗೆ ತಗೊಂಡಿಲ್ಲ. ಹದಿನೇಳು ತಟ್ಟೆ ಬಿಸಿಲಿಗೆ ಹಳಸುತ್ತಿವೆ. ಪೊಲೀಸರನ್ನು ಕರೆದೆ. ಬಂದವನು ಟೋಪಿ ತೆಗೆದು ಬಳೆಯಲ್ಲಿ ಸೇರಿಕೊಂಡ.

ಗುರುವಾರ ವೆಂಡೆಲ್‌ನನ್ನು ಅಂಗಳದಲ್ಲೇ ತಡೆದೆ.

‘ಸಾಕು ಮಾಡ್ರೋ. ಒಂದು ಹೆಂಗಸು, ಒಂದು ಮಗು.’

‘ನಾವೇನ್ ಮಾಡಿದೀವಿ? ಅವರು ಒಂಟಿಯಲ್ಲ ಅಂತ ತೋರಿಸ್ರಪ್ಪ ಅಂದೋನು ನೀನು. ತೋರಿಸ್ತಿದೀವಿ.’

‘ನಾನು ಹೇಳಿದ್ದು ಇದನ್ನಲ್ಲ.’

‘ನಾಳೆ ಪಂದ್ಯ ಹೊರ ಊರಲ್ಲಿ. ಮುಂದಿನ ಶುಕ್ರವಾರ ಹಳೇ ವಿದ್ಯಾರ್ಥಿಗಳೆಲ್ಲ ಬರ್ತಾರೆ, ಗ್ಯಾಲರಿ ತುಂಬಿರುತ್ತೆ. ಅವತ್ತು ಮತ್ತೆ ಅವಳಿಗೆ ಪ್ರಾರ್ಥನೆ ಮಾಡು. ನಿನ್ ಬಾಯಲ್ಲಿ ಬಂದ್ರೇ ಚೆಂದ.’ ಹೆಗಲು ತಟ್ಟಿದ. ಅವನ ಕಣ್ಣಲ್ಲಿ ನೀರಿತ್ತು. ನಟನೆಯಲ್ಲ, ಕೊರಿನ್. ನಿಜವಾಗಿಯೂ ನೀರಿತ್ತು.

ಹೊರಟುಹೋಗು ಎಂದು ಲಿಡಿಯಾಳಿಗೆ ಹೇಳಿದೆ. ‘ಹೋದ್ರೆ ಪ್ರಾರ್ಥನೆ ಫಲಿಸ್ತು ಅಂತಾರೆ’ ಅಂದಳು. ಫೀಬಿಯೂ ಶುಕ್ರವಾರ ಬ್ಯಾಂಡಿಗೆ ಹೋಗಿಯೇ ಹೋಗುತ್ತಾಳಂತೆ. ಇಬ್ಬರೂ ಒಂದೇ ಅಚ್ಚು.

ಶುಕ್ರವಾರ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ಆರ್ವಿಲ್

•

ಡುಲೂತ್
ಅಕ್ಟೋಬರ್ 23

ಭಾವ,

ಭಾನುವಾರ ಮಧ್ಯಾಹ್ನದ ಬಸ್ಸಿಗೆ ಅಮರಿಲ್ಲೋದಲ್ಲಿ ಇಳಿಯುತ್ತೇನೆ. ಲಿಡಿಯಾಳನ್ನು ಹೇಗಾದರೂ ಒಪ್ಪಿಸಿ ಇಬ್ಬರನ್ನೂ ಅಲ್ಲಿಗೆ ಕರೆತನ್ನಿ. ಅವರು ನನ್ನ ಜೊತೆ ಬರಲಿ, ತೀರ್ಪು ಬರುವವರೆಗಾದರೂ.

ಇದು ನಿಮಗೆ ತಲುಪುವುದು ಪಂದ್ಯವಾದ ಮೇಲೆ ಎಂದು ಗೊತ್ತು. ಆದರೂ ಬರೆಯುತ್ತೇನೆ. ಗೂಡಿಗೆ ಹೋಗಬೇಡಿ.

ಕೊರಿನ್

•

ಹಾರ್ಲೋ ವೆಲ್ಸ್
ಅಕ್ಟೋಬರ್ 25, ಶನಿವಾರ, ಸಂಜೆ

ಪ್ರೀತಿಯ ಕೊರಿನ್,

ನಿನ್ನ ತುರ್ತು ಅಂಚೆ ಇವತ್ತು ಮಧ್ಯಾಹ್ನ ಸಿಕ್ಕಿತು. ಇದನ್ನು ಅಂಚೆಗೆ ಹಾಕುವುದಿಲ್ಲ, ನಾಳೆ ಅಮರಿಲ್ಲೋದಲ್ಲಿ ನಿನ್ನ ಕೈಗೇ ಕೊಡುತ್ತೇನೆ, ಅಥವಾ ಫೀಬಿ ಕೊಡುತ್ತಾಳೆ. ಎದುರು ಕೂತು ಹೇಳಲು ಹೋದರೆ ನನಗೆ ಮಾತು ದಾರಿ ತಪ್ಪುತ್ತದೆ.

ನಾನು ಗೂಡಿಗೆ ಹೋದೆ. ಹೋಗದಿದ್ದರೆ ಬೇರೆ ಯಾರೋ ಮೈಕು ಹಿಡಿಯುತ್ತಿದ್ದರು. ವೆಂಡೆಲ್ ಒಂದೇ ಒಂದು ಚೀಟಿ ಟೈಪು ಮಾಡಿಸಿ ಮೈಕಿನ ಕೆಳಗೆ ಇಟ್ಟಿದ್ದ. ಅದನ್ನು ಬೋರಲು ಹಾಕಿದೆ. ಸ್ವಿಚ್ಚು ಒತ್ತಿ, ಹಳೆಯ ವಿದ್ಯಾರ್ಥಿಗಳಿಗೆ ಸ್ವಾಗತ ಹೇಳಿದೆ, ಗಾಳಿ ಪಶ್ಚಿಮದಿಂದ ಬೀಸುತ್ತಿದೆ ಎಂದೆ, ‘ರಾಷ್ಟ್ರಗೀತೆಗೆ ಎಲ್ಲರೂ ಎದ್ದು ನಿಲ್ಲಿ’ ಎಂದೆ, ಸ್ವಿಚ್ಚು ಆರಿಸಿದೆ.

ಎದ್ದು ನಿಂತರು. ಬ್ಯಾಂಡಿನ ಮೇಷ್ಟ್ರ ಕೈ ಮೇಲೇಳಲಿಲ್ಲ. ಒಂದು ತುತ್ತೂರಿಯೂ ಉಸಿರು ತೆಗೆಯಲಿಲ್ಲ. ಮೂರು ಸಾವಿರ ಜನ ಟೋಪಿ ಎದೆಗಿಟ್ಟುಕೊಂಡು ತಲೆಯೆತ್ತಿ ಗೂಡನ್ನೇ ನೋಡುತ್ತಿದ್ದರು.

‘ಒಂದು ಮರ್ತೆ,’ ಅಂದ ವೆಂಡೆಲ್.

‘ಮರ್ತಿಲ್ಲ.’

‘ಜನ ಕಾಯ್ತಿದಾರೆ, ಆರ್ವಿಲ್.’

‘ಕಾಯ್ಲಿ ಬಿಡು. ಬೇಜಾರಾದ್ರೆ ಆಟ ನೋಡ್ತಾರೆ.’

‘ನೇಡಿನ್‌ಗೆ ಇದೇ ಜನ ಪ್ರಾರ್ಥನೆ ಮಾಡಿದ್ದು. ಅದ್ನಾದ್ರೂ ನೆನೆಸ್ಕೊ.’

ನೆನೆಸಿಕೊಂಡೆ. ಮೈಕನ್ನು ದೂರ ಸರಿಸಿ ಎದ್ದೆ. ಮೆಟ್ಟಿಲಿಳಿಯುವಾಗ ಅಕ್ಕಪಕ್ಕದವರು ಕಾಲು ಹಿಂದಕ್ಕೆಳೆದು ದಾರಿ ಬಿಟ್ಟರು. ನಾನು ಹೇಳಿ ಕೆಲಸಕ್ಕೆ ಸೇರಿಸಿದ ಹುಡುಗರು, ನೇಡಿನ್ ಓದು ಕಲಿಸಿದವರು.

ಅರ್ಧ ಇಳಿದಿದ್ದೆ. ಮೇಲೆ ಸ್ವಿಚ್ಚು ಟಕ್ ಎಂದಿತು.

ಆ ಮೈಕನ್ನು ನಾನು ಯಾವತ್ತೂ ಕೆಳಗಿನಿಂದ ಕೇಳಿರಲಿಲ್ಲ. ಮೈದಾನದ ನಾಲ್ಕು ಮೂಲೆಗೂ ಒಂದೊಂದು ಕಂಬ, ಒಂದೊಂದರಿಂದಲೂ ಮಾತು ಸ್ವಲ್ಪ ತಡವಾಗಿ ಬರುತ್ತದೆ. ಹೇಳಿದ ಹೆಸರು ನಾಲ್ಕು ಸಲ ಕೇಳಿಸುತ್ತದೆ, ಓಡಿ ತಪ್ಪಿಸಿಕೊಳ್ಳುವುದಕ್ಕೆ ಒಂದು ದಿಕ್ಕೂ ಉಳಿಯುವುದಿಲ್ಲ. ವೆಂಡೆಲ್ ಚೆನ್ನಾಗಿಯೇ ಪ್ರಾರ್ಥಿಸಿದ. ನನ್ನ ಮಾತುಗಳನ್ನೇ ಬಳಸಿದ. ಲಿಡಿಯಾ ಮೆಂಡನ್‌ಹಾಲ್, ಲಿಡಿಯಾ ಮೆಂಡನ್‌ಹಾಲ್. ಆಮೇಲೆ ಫೀಬಿ.

ಬ್ಯಾಂಡಿನ ಸಾಲಿನಲ್ಲಿ ಅವಳು ಕ್ಲ್ಯಾರಿನೆಟ್ಟನ್ನು ತೊಡೆಯ ಮೇಲಿಟ್ಟು ಕೂತಿದ್ದಳು. ಎರಡೂ ಕಡೆ ಮೂರು ಮೂರು ಕುರ್ಚಿ ಖಾಲಿ. ಗ್ಯಾಲರಿಯ ಮುಖವೆಲ್ಲ ಅವಳ ಕಡೆ ತಿರುಗಿತ್ತು. ಹೋಗಿ ಪಕ್ಕದ ಕುರ್ಚಿ ಎಳೆದೆ.

‘ಇಲ್ಲಿ ಯಾರಾದ್ರೂ ಬರ್ತಾರೇನಮ್ಮ?’

‘ಇಲ್ಲ, ಆರ್ವಿಲ್ ಟೀಗ್.’ ಅವಳ ತುಟಿ ಒಣಗಿತ್ತು. ‘ನೀವು ಮೇಲಿರ್ಬೇಕಲ್ವಾ?’

‘ಮಂಡಿ ಕೇಳ್ಲಿಲ್ಲ,’ ಅಂದೆ. ಕೂತೆ.

ಆಗ ವೆಂಡೆಲ್‌ನ ಮಾತು ನಿಂತಿತು. ಮೈಕಿನಲ್ಲಿ ಅವನ ಉಸಿರು ಕೇಳಿಸುತ್ತಿತ್ತು. ‘ತಂದೆಯೇ, ಇನ್ನೊಂದು ಹೆಸರಿದೆ’ ಎಂದ. ಕಂಬದಿಂದ ಕಂಬಕ್ಕೆ ನನ್ನ ಹೆಸರು ಬಂತು. ಆಮೆನ್ ಈ ಸಲ ಚೂರೂ ತಡವಾಗಲಿಲ್ಲ.

ಲಿಡಿಯಾ ಕೊನೆಗೂ ಫೀಬಿಯನ್ನು ಕಳಿಸಲು ಒಪ್ಪಿದ್ದಾಳೆ. ತಾನು ಬರುವುದಿಲ್ಲವಂತೆ. ಅವಳೊಬ್ಬಳನ್ನೇ ಇಲ್ಲಿ ಬಿಟ್ಟು ನಾನೂ ನಿನ್ನ ಜೊತೆ ಬಸ್ಸು ಹತ್ತಲಾರೆ, ಆ ಮಾತು ಎತ್ತಬೇಡ. ಹುಡುಗಿಯ ಪೆಟ್ಟಿಗೆ ನನ್ನ ಕಾರಿನಲ್ಲಿದೆ. ಬೆಳಿಗ್ಗೆ ಐದಕ್ಕೆ ಹೊರಡೋಣ ಎಂದುಕೊಂಡಿದ್ದೇವೆ.

ಈಗ ಆರು ಹೊಡೆಯಿತು. ಕಿಟಕಿಯಿಂದ ನೋಡಿದೆ. ಎಂದಿನಂತೆ ಬಂದಿದ್ದಾರೆ, ಇವತ್ತು ಇನ್ನೂ ಹೆಚ್ಚು. ಬಳೆ ದೊಡ್ಡದಾಗಿದೆ. ಬೇಲಿಯ ಈಚೆಗೂ ಬಂದು, ನನ್ನ ಕಾರಿನ ಹಿಂದಿನಿಂದ ಹಾದು, ನನ್ನ ಹಿತ್ತಲನ್ನು ಸುತ್ತಿ ಮತ್ತೆ ಅವಳ ಮನೆಗೆ ಕೂಡಿಕೊಂಡಿದೆ. ನನ್ನ ಮನೆಯ ಮೆಟ್ಟಿಲ ಮೇಲೆ ಯಾರೋ ಗಾಜಿನ ತಟ್ಟೆ ಇಟ್ಟ ಸದ್ದಾಯಿತು.

ಆರ್ವಿಲ್